ಆರಬಾರದ ಬಲ್ಬು

ನಡುಮನೆಯ ಬಲ್ಬು ಮತ್ತೆ ಮಿಟುಕಿತು, ಮೊರದಲ್ಲಿನ ಜೋಳ ಒಮ್ಮೆ ಕಪ್ಪಾಗಿ ಒಮ್ಮೆ ಬೆಳ್ಳಗಾಯಿತು, ಹೋಲ್ಡರಿನೊಳಗೆ ಚಿರ್ ಎಂಬ ಸಪ್ಪಳ, ಸುಟ್ಟ ವೈರಿನ ವಾಸನೆ, ದಾಕ್ಷಾಯಿಣಿ ಮೊರ ಕೆಳಗಿಟ್ಟಳು — ಅವತ್ತು ಅಡುಗೆಮನೆಯ ಬಲ್ಬೂ ಹೀಗೇ, ಶ್ರಾವಣ, ಆಗಷ್ಟೇ ಒರೆಸಿದ ಹಸಿ ನೆಲ, ಗಂಡ ಬಾಳೇಶ ಕಬ್ಬಿಣದ ಸ್ಟೂಲು ಎಳೆದಿಟ್ಟು ಮೊದಲು ಮೇನ್ ಸ್ವಿಚ್ಚಿಗೇ ಕೈ ಹಾಕಿದ್ದ, ಅವಳು ಕಣ್ಣಾರೆ ಕಂಡಿದ್ದಾಳೆ, ಒಳಗಿಂದ ಅತ್ತೆ ಶಿವಗಂಗವ್ವ ಕೂಗಿದ್ದರು, ಮೇನ್ ಆರಸಬ್ಯಾಡೋ ತಮ್ಮಾ, ದೇವರ ಬಲ್ಬ ಆರ್ತೈತಿ — ಸಣ್ಣವನಿದ್ದಾಗ ಬಾಳೇಶನಿಗೆ ಕಾಮಾಲೆಯಾಗಿ ಉಳಿಯುವುದಿಲ್ಲ ಎಂದಾಗ ಅತ್ತೆ ಹೊತ್ತ ಹರಕೆ, ದೇವರ ಜಗಲಿಯ ಮೇಲಿನ ಆ ಕೆಂಪು ಬಲ್ಬನ್ನು ಮನೆಯವರ ಕೈ ಆರಿಸಬಾರದು, ಕರೆಂಟ್ ತಾನಾಗಿ ಹೋದರ ಹೋಗ್ಲಿ, ಅದು ನಮ್ಮ ಮ್ಯಾಲ ಬರೂದಿಲ್ಲ ಅನ್ನುತ್ತಿದ್ದರು ಅತ್ತೆ, ಬಾಳೇಶ ನಕ್ಕಿದ್ದ, ನಿನ್ನ ದೇವರು ಲೈನ್‌ಮನ್ನಿಗೆ ಮಾಫಿ ಕೊಡ್ತಾನ, ನನಗ ಕೊಡಂಗಿಲ್ಲ ನೋಡವ್ವಾ, ನಗುತ್ತಲೇ ಮೇನ್ ಬಿಟ್ಟು ಅಡುಗೆಮನೆಯ ಸ್ವಿಚ್ಚನ್ನಷ್ಟೇ ಆರಿಸಿದ.

ಬಾಳೇಶನನ್ನು ಮಣ್ಣು ಮಾಡಿದ ಮೇಲೆ ಗೋಕಾಕದಿಂದ ಬಂದ ವೈರ್‌ಮನ್ ಯಲ್ಲಾರಿ ಹಿತ್ತಿಲಲ್ಲಿ ತಗ್ಗಿದ ದನಿಯಲ್ಲಿ ಹೇಳಿದ್ದು, ಸ್ವಿಚ್ಚಿಗೆ ಫೇಜ್ ಕೊಡೂ ಬದಲಿ ನ್ಯೂಟ್ರಲ್ ಕೊಟ್ಟಾರ್ರಿ ಅಕ್ಕಾರ, ಬಲ್ಬ ಆರ್ತೈತಿ ಖರೆ, ಹೋಲ್ಡರನ್ಯಾಗ ಕರೆಂಟ್ ಹಂಗ ಇರ್ತೈತಿ, ಇಡೀ ಮನಿ ಹಿಂಗ ಐತಿ, ಅವತ್ತ ಮೇನ್ ಆರಿಸಿದ್ದರ — ಆ ಮಾತನ್ನು ಅವಳು ಅತ್ತೆಯ ಕಿವಿಗೆ ಬೀಳಗೊಟ್ಟಿಲ್ಲ, ಆಯುಷ್ಯ ಅಷ್ಟ ಇತ್ರಿ ಅತ್ತಿ ಎಂದಷ್ಟೇ ಹೇಳಿದ್ದಾಳೆ, ಉಳಿದ ವೈರಿಂಗ್ ಸರಿಮಾಡಿ ಕೊಡ್ತೇನಿ ಅಂತ ಯಲ್ಲಾರಿ ಫೋನ್ ಮಾಡಿದಾಗಲೆಲ್ಲ ಮುಂದಿನ ವಾರ ಬರ್ರಿ ಎನ್ನುತ್ತಾಳೆ, ಅವನ ಬಾಯಿ ಸುಮ್ಮನಿರುವುದಲ್ಲ, ಮಗನನ್ನು ಕಳೆದುಕೊಂಡ ಜೀವದ ಮೇಲೆ ಇದನ್ನೂ ಹೊರಿಸುವುದೇ, ಆದರೆ ವೈರು ಸುಡುತ್ತಿದೆ, ಅತ್ತೆ ಗೋಡೆಗೊರಗಿ ಕಣ್ಣು ಮುಚ್ಚಿದ್ದಾರೆ, ಈಗಲೇ, ಸದ್ದಿಲ್ಲದೆ, ತಾನೇ ಸರಿಮಾಡಬೇಕು — ಟೆಸ್ಟರ್ ಸರಿಯಿದೆಯೇ, ಸಾಕೆಟ್ಟಿನಲ್ಲಿ ಇಟ್ಟು ನೋಡಿದಳು, ಹೊತ್ತಿತು, ಕಾಲಿಗೆ ರಬ್ಬರ್ ಚಪ್ಪಲಿ, ಕಟ್ಟಿಗೆಯ ಸ್ಟೂಲು, ಜಗಲಿಯ ಮುಂದೆ ಎಣ್ಣೆ, ಬತ್ತಿ, ಕಡ್ಡಿ ಗೀರಿ ಹಣತೆ ಹಚ್ಚಿದಳು, ಆಮೇಲೆ ಮೇನ್ ಕೆಳಗೆ, ಕೆಂಪು ಬಲ್ಬು ಆರಿತು, ಮರೆತು ಯಾರೂ ಹಾಕಬಾರದೆಂದು ಫ್ಯೂಜ್ ಕಿತ್ತು ಸೆರಗಿಗೆ ಕಟ್ಟಿಕೊಂಡಳು, ಫೋನಿನ ಬೆಳಕಿನಲ್ಲಿ ಹೋಲ್ಡರಿಗೆ ಟೆಸ್ಟರ್ ಇಟ್ಟರೆ ಹೊತ್ತಲಿಲ್ಲ, ಸುಟ್ಟ ತುದಿ ಕತ್ತರಿಸಿ ಹೊಸ ಹೋಲ್ಡರಿಗೆ ಸಿಗಿಸಿ ಸ್ಕ್ರೂ ಬಿಗಿ ಮಾಡುತ್ತಿರುವಾಗ — ಯಾಕವಾ, ಹಣತಿ ಹಚ್ಚೀದಿ? ಅತ್ತೆ ಕಣ್ಣು ತೆರೆದಿದ್ದರು. ಏನಿಲ್ರಿ ಅತ್ತಿ, ಮೇನ್ ಆರಿಸೇನಿ, ಅದಕ್ಕ ದೇವರ ಮುಂದ ಕತ್ತಲಿ ಆಗಬಾರದು ಅಂತ. ಅತ್ತೆ ಆರಿದ ಬಲ್ಬನ್ನು ನೋಡಿದರು, ಉರಿಯುವ ಹಣತೆಯನ್ನು ನೋಡಿದರು, ಮತ್ತೆ ಬಲ್ಬನ್ನು, ತುಟಿ ಅಲ್ಲಾಡಿತು, ಅವತ್ತೂ ಇಷ್ಟ ಮಾಡಿದ್ದರ ಸಾಕಿತ್ತೇನವಾ?

ಇಲ್ರಿ ಅತ್ತಿ ಎನ್ನಬೇಕು, ಒಂದೇ ಸುಳ್ಳು, ಮೇನ್ ಆರಿಸಿದ್ದರೂ ಅಷ್ಟೇ ಆಗುತ್ತಿತ್ತು ಅನ್ನಬೇಕು, ಬೆರಳು ಸ್ಕ್ರೂ ತಿರುವುತ್ತಲೇ ಇದೆ, ಬಿಗಿಯಾದ ಮೇಲೂ, ಅತ್ತೆ ಕಾಯುತ್ತಿದ್ದಾರೆ, ಹೇಳು, ಹೇಳಿಬಿಡು — ಮನಸ್ಸು ದಿನವೂ ಬಂದು ನಿಲ್ಲುವಲ್ಲಿಗೇ ಬಂದು ನಿಂತಿದೆ, ಹಸಿ ನೆಲ, ಬಾಳೇಶನ ಎಡಗೈ, ಅದರೊಳಗೆ ಅವನು ಬಿಚ್ಚಿದ ಬಲ್ಬು, ಅಷ್ಟು ಎತ್ತರದಿಂದ ಬಿದ್ದರೂ ಬೆರಳುಗಳು ತತ್ತಿಯ ಹಾಗೆ ಹಿಡಿದಿದ್ದವು, ಒಡೆದಿರಲಿಲ್ಲ, ಬಲ್ಬು ಒಡೆದಿರಲಿಲ್ಲ.