ಬೂದಿಯ ಉಸಿರು

1

ಈ ಕಥೆಯನ್ನು ಬೊಗಳುವುದರಿಂದ ಶುರು ಮಾಡಬೇಕೋ ಬೈಗುಳದಿಂದಲೋ ನನಗಿನ್ನೂ ತೋಚಿಲ್ಲ. ಬೈಗುಳವಾದರೆ ರಾಶಿ ಬಿದ್ದಿದೆ. ದೆವ್ವಗಳನ್ನು ಬೇಟೆಯಾಡಿ ಹಿಡಿಯುವವರ ಒಂದು ಕಾರ್ಟೂನ್ ಸರಣಿ, ಅದರಲ್ಲಿ ಬೂದಿ ಎಂಬ ನಾಯಿ. ಹೋದ ಸೀಸನ್ನಿನ ಕೊನೆಗೆ ಅದು ಸತ್ತಿತು, ಈ ಸೀಸನ್ನಿಗೆ ತಾನೇ ದೆವ್ವವಾಗಿ ವಾಪಸ್ ಬಂತು. ಸತ್ತಾಗ ಅತ್ತಿದ್ದ ಅಭಿಮಾನಿಗಳು ಈಗ ಕುಣಿದಾಡಬೇಕಿತ್ತು. ಕೆರಳಿ ಕೂತರು.

"ಇದು ನಮ್ಮ ಬೂದಿ ಅಲ್ಲ."

"ಬೊಗಳೋ ಮುಂಚೆ ಬೂದಿ ಚಿಕ್ಕದಾಗಿ ಉಸಿರು ಎಳ್ಕೊಳ್ತಿತ್ತು. ಅದನ್ನ ಯಾರು ನುಂಗಿದ್ರು?"

"ಮೊದಲೆಲ್ಲ ಬೂದಿ ಬೊಗಳಿದ್ರೆ ನಮ್ಮನೆ ನಾಯಿ ಎದ್ದು ಟಿವಿ ಹತ್ರ ಓಡ್ತಿತ್ತು. ಈಗ ಕಿವಿನೂ ಅಲ್ಲಾಡ್ಸಲ್ಲ. ನಾಚಿಕೆ ಆಗ್ಬೇಕು ನಿಮಗೆ."

(ಮೂರನೆಯದನ್ನು ಬರೆದವರು ಯಾರೋ, ಅವರಿಗೊಂದು ನಮಸ್ಕಾರ. ನಾನು ಎರಡು ಪುಟ ತಿಣುಕಿದರೂ ಹೇಳಲಾಗದ್ದನ್ನು ಅವರ ನಾಯಿ ಮಲಗಿಕೊಂಡೇ ಹೇಳಿದೆ.)

2

ಇನ್ನು ಅಕ್ಕ. ಸ್ಟುಡಿಯೋದಲ್ಲಿ ಎಲ್ಲರೂ ಕರೆಯುವುದೇ ಹಾಗೆ. ವಯಸ್ಸು ಐವತ್ತೆಂಟು, ಮಂಡಿನೋವು ಬೇರೆ. ಹನ್ನೊಂದು ವರ್ಷ ಬೂದಿಯಾಗಿ ಬೊಗಳಿದವರು ಇವರೇ. ವಾಚು, ಉಂಗುರ ಬಿಚ್ಚಿಟ್ಟು, ನೆಲಕ್ಕೆ ದಪ್ಪ ಟವೆಲ್ ಹಾಸಿ, ಮಂಡಿ ಮತ್ತು ಅಂಗೈ ಊರಿ, ಮೊಣಕಾಲೆತ್ತರಕ್ಕೆ ಇಳಿಸಿದ ಮೈಕಿಗೆ ಬೊಗಳುತ್ತಿದ್ದರು. ನಿಂತು ಬೊಗಳಿದರೆ ಗಂಟಲಿನಿಂದ ಬರುತ್ತದೆ, ಬಗ್ಗಿದರೆ ಮಾತ್ರ ಹೊಟ್ಟೆಯಿಂದ ಎನ್ನುವುದು ಅವರು ಕಂಡುಕೊಂಡ ಸತ್ಯ. ಗುರುಗುಟ್ಟುವುದಿದ್ದರೆ ಟವೆಲಿನ ತುದಿಯನ್ನು ಹಲ್ಲಲ್ಲಿ ಕಚ್ಚುತ್ತಿದ್ದರು. ಆ ಚಿಕ್ಕ ಉಸಿರು ಕಲೆಗಿಲೆ ಏನಲ್ಲ, ಬಗ್ಗಿದಾಗ ಅವರಿಗೆ ಉಸಿರು ಸಾಲುತ್ತಿರಲಿಲ್ಲ, ಅಷ್ಟೆ. ಕಂತಿನ ಕೊನೆಯಲ್ಲಿ ಬರುವ ಹೆಸರುಗಳ ಪಟ್ಟಿಯಲ್ಲಿ ಮಾತ್ರ 'ಬೂದಿಯ ಪಾತ್ರದಲ್ಲಿ: ಸ್ವತಃ ಬೂದಿ' ಎಂದಿರುತ್ತಿತ್ತು. ಮೊದಲ ವರ್ಷ ಅದನ್ನು ನೋಡಿ ಅಕ್ಕನೂ ನಕ್ಕಿದ್ದರು.

ಬೂದಿ ಸತ್ತ ಮೇಲೆ ಅಕ್ಕನನ್ನು ಯಾರೂ ಕರೆಯಲಿಲ್ಲ. ಹಳೆಯ ಬೊಗಳಿಕೆಗಳನ್ನೆಲ್ಲ ಕಂಪ್ಯೂಟರಿಗೆ ತಿನ್ನಿಸಿದರು. ಅದು ಕಲಿತುಕೊಂಡು ತಾನೇ ಬೊಗಳಿತು. ನಡುವಿನ ಉಸಿರನ್ನು ಕಸ ಎಂದುಕೊಂಡು ಗುಡಿಸಿಹಾಕಿತು.

3 (ಹರಿದು ಹಾಕಿದ್ದು)

ಈ ಕಥೆಯ ಮೊದಲ ಕರಡಿನಲ್ಲಿ ಅಕ್ಕ ಸಾಕಿದ ನಾಯಿಯೊಂದು ಸತ್ತಿತ್ತು. ಅದನ್ನು ನೆನೆದು ಅಕ್ಕ ಸೆರಗು ಒದ್ದೆ ಮಾಡಿಕೊಂಡಿದ್ದರು. ಆ ಹಾಳೆ ಅಕ್ಕನ ಕೈಗೇ ಸಿಕ್ಕಿಬಿಟ್ಟಿತು.

"ನಾನ್ಯಾವಾಗ ನಾಯಿ ಸಾಕಿದ್ದೆ? ನಂಗೆ ನಾಯಿ ಅಂದ್ರೆ ಭಯ."

"ಓದುಗರಿಗೆ ಕರುಳು ಚುರ್ ಅನ್ಲಿ ಅಂತ, ಅಕ್ಕ."

"ಅವರ ಕರುಳು ಆಮೇಲೆ ನೋಡ್ಕೊಳ್ಳೋಣ. ನಂಗೆ ಸಿಟ್ಟು ಬಂದಿದೆ, ಅದನ್ನ ಬರಿ. ಹೆಂಗಸಿನ ಸಿಟ್ಟಿನ ಕೆಳಗೆ ಒಂದು ಅಳು ಇದ್ದೇ ಇರತ್ತೆ ಅಂತ ಯಾಕೆ ಹುಡುಕ್ತಾ ಕೂತಿದೀಯ?"

(ಸರಿ. ಅಕ್ಕನಿಗೆ ಸಿಟ್ಟು ಬಂದಿತ್ತು. ಕೆಳಗೆ ಏನೂ ಇರಲಿಲ್ಲ, ಇನ್ನಷ್ಟು ಸಿಟ್ಟೇ ಇತ್ತು.)

4

ಅಕ್ಕನ ತಂಗಿಯ ಮಗಳು ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕಾಮೆಂಟ್ ಓದಿ ಹೇಳುತ್ತಿದ್ದಳು.

"ದೊಡ್ಡಮ್ಮ, ನಲವತ್ತು ಸಾವಿರ ಜನ ನಿನ್ನ ಉಸಿರು ವಾಪಸ್ ಕೊಡಿ ಅಂತಿದಾರೆ."

"ಅದು ನಂದು ಅಂತ ಗೊತ್ತಾ ಅವ್ರಿಗೆ?"

"ಇಲ್ಲ. ನಾಯಿದು ಅಂದ್ಕೊಂಡಿದಾರೆ."

ಅಷ್ಟರಲ್ಲಿ ನಿರ್ಮಾಪಕನ ಫೋನು ಬಂತು. ಎಂಟು ತಿಂಗಳ ಮೇಲೆ, ಬೆಣ್ಣೆ ಸವರಿದ ದನಿಯಲ್ಲಿ.

"ಅಕ್ಕ, ಒಂದು ಹತ್ತು ನಿಮಿಷ ಬಂದುಹೋಗಿ. ಬೊಗಳೋದೇನೂ ಬೇಡ, ಪಾಪ ನಿಮ್ಮ ಮಂಡಿ. ಉಸಿರು ಮಾತ್ರ ಸಾಕು. ಮಿಕ್ಕಿದ್ದು ನಮ್ಮ ಹತ್ರ ಇದೆ."

ಅಕ್ಕನ ಮೈಯೆಲ್ಲ ಉರಿದುಹೋಯಿತು. ಹನ್ನೊಂದು ವರ್ಷ ನೆಲಕ್ಕೆ ಮಂಡಿ ಸವೆಸಿದ್ದೆಲ್ಲ ಅವನಿಗೆ 'ಮಿಕ್ಕಿದ್ದು'.

"ಬರ್ತೀನಿ. ಮೊದಲು ಆ ಜನಕ್ಕೆ ಹೇಳಿ, ಬೊಗಳ್ತಿದ್ದಿದ್ದು ನಾನು ಅಂತ."

"ಅಯ್ಯೋ ಅಕ್ಕ, ಮಕ್ಕಳು ನೋಡೋದು. ನಾಯಿ ಒಳಗೆ ಒಬ್ಬರು ಹೆಂಗಸಿದ್ರು ಅಂದ್ರೆ ಹೆದರ್ಕೊಳ್ಳಲ್ವಾ?"

"ದೆವ್ವ ನೋಡಿ ಹೆದರದ ಮಕ್ಕಳು ನನ್ನ ನೋಡಿ ಹೆದರ್ತಾರಾ?"

7

(ಐದು ಮತ್ತು ಆರು ನಾನು ಬರೆದು ಕೈಬಿಟ್ಟ ಮುಕ್ತಾಯಗಳು. ಐದರಲ್ಲಿ ಅಕ್ಕ ಅಭಿಮಾನಿಗಳ ಪ್ರೀತಿಗೆ ಕರಗಿ, ಹೋಗಿ ಬೊಗಳಿದ್ದರು, ಎಲ್ಲರ ಕಣ್ಣೂ ಒದ್ದೆಯಾಗಿತ್ತು. ಆರರಲ್ಲಿ ಫೋನನ್ನು ಬಕೆಟ್ ನೀರಿಗೆ ಎಸೆದಿದ್ದರು. ಎರಡನ್ನೂ ಓದಿ ಅಕ್ಕ ಹೇಳಿದ್ದು: "ಐದು ಆ ನಿರ್ಮಾಪಕನೇ ಬರೆದ ಹಾಗಿದೆ. ಆರರಲ್ಲಿ ನನ್ನ ಫೋನ್ ಯಾಕೆ ಹಾಳ್ಮಾಡ್ದೆ?")

ಹಾಗಾಗಿ ನಡೆಯುತ್ತಿರುವುದನ್ನಷ್ಟೇ ಬರೆಯುತ್ತಿದ್ದೇನೆ. ಅಕ್ಕ ಸ್ಟುಡಿಯೋಗೆ ಬಂದಿದ್ದಾರೆ. ಬೇಡವೆಂದರೂ ಟವೆಲ್ ಹಾಸಿ, ಮೈಕು ಇಳಿಸಿ, ಮಂಡಿಯೂರಿದ್ದಾರೆ. ಗಾಜಿನಾಚೆ ನಿರ್ಮಾಪಕ ಫೋನ್ ಹಿಡಿದು ನಿಂತಿದ್ದಾನೆ. 'ಇಷ್ಟು ವರ್ಷ ಬೂದಿಯಾಗಿ ಬೊಗಳಿದ್ದು ನಮ್ಮ ಅಕ್ಕ' ಎಂದು ಅಭಿಮಾನಿಗಳಿಗೆ ಟೈಪ್ ಮಾಡಿಯೂ ಆಗಿದೆ, ಕಳಿಸಿಲ್ಲ.

"ಮೊದಲು ಉಸಿರು ಕೊಡಿ ಅಕ್ಕ, ಆಮೇಲೆ ಹಾಕ್ತೀನಿ."

"ಮೊದಲು ಹಾಕಿ."

ಅವನು ಸೌಂಡ್ ಇಂಜಿನಿಯರ್‌ಗೆ ಸನ್ನೆ ಮಾಡಿದ. ರೆಕಾರ್ಡಿಂಗಿನ ಕೆಂಪು ದೀಪ ಹತ್ತಿತು. ಹತ್ತುವುದಕ್ಕೆ ಮುಂಚೆಯೇ ಅಕ್ಕ ಎದೆ ತುಂಬ ಉಸಿರು ಎಳೆದುಕೊಂಡು ಬಾಯಿ ಮುಚ್ಚಿಯಾಗಿತ್ತು. ಪರದೆಯ ಮೇಲೆ ದನಿಯ ಗೆರೆ ಚಪ್ಪಟೆಯಾಗಿ ಓಡುತ್ತಿದೆ. ನಿರ್ಮಾಪಕನ ಹೆಬ್ಬೆರಳು ಬಟನ್ನಿನ ಮೇಲೆ ನಿಂತಿದೆ, ಒತ್ತುತ್ತಿಲ್ಲ. ಬರೆಯುತ್ತಿರುವುದು ನಾನು, ಅದನ್ನು ನಾನೇ ಒತ್ತಿಸಬಹುದು. ಒತ್ತಿಸಿದರೆ ಅದು ಅವನು ಒಪ್ಪಿಕೊಂಡ ಹಾಗಾಗುವುದಿಲ್ಲ.

"ಅಕ್ಕ, ಕಥೆ ಮುಗಿಸ್ಲಾ?" ಎಂದು ಕೇಳಿದೆ.

ಅಕ್ಕ ಬಾಯಿ ಬಿಟ್ಟರೆ ಉಸಿರು ನಿರ್ಮಾಪಕನ ಪಾಲಾಗುತ್ತದೆ. ಮುಖ ಕೆಂಪಾಗಿದೆ. ನೆಲದಿಂದ ಒಂದು ಬೆರಳನ್ನಷ್ಟೇ ಎತ್ತಿ ನನ್ನ ಕಡೆಗೆ ಆಡಿಸಿದರು: ಬೇಡ.