ಬಿಳಿ ಹಿಟ್ಟಿನ ನೀಲಿ ಗೆರೆ

ಬೆಳಗ್ಗೆ ಗಿರಣಿಯ ಎಂಜಿನ್ ಚಾಲೂ ಮಾಡುವ ಮುಂಚೆ ಹಸಿಂತಾ ದಿನವೂ ಬೈಬಲಿನ ಒಂದು ಭಾಗ ಓದುತ್ತಿದ್ದಳು. ಐವತ್ತು ದಾಟಿದ ಮೇಲೆ ಅಕ್ಷರ ಕಲಿತವಳು. ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಪದ ಕೂಡಿಸಿ, ಗಟ್ಟಿಯಾಗಿ ಓದುವಳು. ಸುಣ್ಣದ ನೀರಿನಲ್ಲಿ ಬೆಂದ ಮೆಕ್ಕೆಜೋಳದ ಬೋಗುಣಿ ಹೊತ್ತು ಸರದಿಯಲ್ಲಿ ನಿಂತ ಹೆಂಗಸರು ಕೇಳಿಸಿಕೊಂಡು ಶಿಲುಬೆಯ ಗುರುತು ಮಾಡುವರು. ಗ್ವಾಟೆಮಾಲಾದ ಆ ಬೆಟ್ಟದೂರಿನಲ್ಲಿ ಬೆಳಗಾಗುತ್ತಿದ್ದುದೇ ಹಾಗೆ.

ಅಂದು ಬಂದದ್ದು ಕುಷ್ಠರೋಗಿಯ ಭಾಗ. ಯಾರೂ ಹತ್ತಿರ ಸೇರಿಸದವನನ್ನು ಯೇಸು ಕೈಚಾಚಿ ಮುಟ್ಟಿದ್ದು.

"ವಾಸಿ ಮಾಡಿ ಆಮೇಲೆ ಮುಟ್ಟಲಿಲ್ಲ ನೋಡ್ರೇ. ಮೊದಲೇ ಮುಟ್ಟಿದ," ಎಂದಳು ಹಸಿಂತಾ. ಎಲ್ಲರೂ ತಲೆದೂಗಿದರು.

ಅಷ್ಟರಲ್ಲಿ ಬಾಲ್ಬಿನಾ ಏದುಸಿರು ಬಿಡುತ್ತ ಬಂದಳು. ಅವಳ ಗಂಡ ಸಿರಿಲೊಗೆ ಕ್ಷಯ. ಎರಡು ತಿಂಗಳಿಂದ ಅವಳ ಪಾಳಿ ಎಲ್ಲರಿಗಿಂತ ಕೊನೆಗೆ. ಮೊದಲು ಬೀಸಿಸಿದವರ ಹಿಟ್ಟು ಒಂದು ಹಿಡಿಯಷ್ಟಾದರೂ ಗಿರಣಿಯ ಕಲ್ಲಿನಲ್ಲಿ ಉಳಿದು ಮುಂದಿನವರ ಬೋಗುಣಿಗೆ ಬೀಳುತ್ತದೆ. ಬಾಲ್ಬಿನಾಳ ಹಿಂದೆ ನಿಲ್ಲಲು ಯಾರೂ ಒಪ್ಪಿರಲಿಲ್ಲ. ಅವಳದು ಮುಗಿದ ಮೇಲೆ ಹಸಿಂತಾ ಕಲ್ಲು ಬಿಚ್ಚಿ ತೊಳೆಯುತ್ತಿದ್ದಳು.

"ಅಕ್ಕಾ, ಇವತ್ತೊಂದಿನ ಮೊದಲು ಬೀಸಿಕೊಡಿ. ಅವರು ಏಳರ ಬಸ್ಸಿಗೆ ಆಸ್ಪತ್ರೆಗೆ ಹೋಗ್ಬೇಕು. ಹಸಿದ ಹೊಟ್ಟೇಲಿ ಮಾತ್ರೆ ನುಂಗಿದ್ರೆ ಎಲ್ಲಾ ಕಕ್ಕಿಬಿಡ್ತಾರೆ. ನಿನ್ನೆ ನುಂಗಲೇ ಇಲ್ಲ. ಇನ್ನು ಮಾತ್ರೆನೇ ಬೇಡ, ಸತ್ರೆ ಸಾಯ್ತೀನಿ ಅಂತಿದಾರೆ."

"ಕರುಣೆ ನನಗೂ ಇದೆ ಕಣೇ," ಎಂದಳು ಮುದುಕಿ ಕ್ಲೆಮೆನ್ಸಿಯಾ. "ಆದ್ರೆ ನಮ್ಮನೇಲಿ ಮೂರು ಮೊಮ್ಮಕ್ಕಳಿದಾವೆ. ಇದೇ ಕೆಮ್ಮು ನನ್ನ ತಂಗೀನ ನುಂಗ್ತು. ಈ ಕೈಯಲ್ಲೇ ಮಣ್ಣು ಹಾಕಿದೀನಿ."

"ಜೋಳದಿಂದ ಹರಡಲ್ಲಮ್ಮ. ಕೆಮ್ಮಿನಿಂದ ಹರಡೋದು. ಕೆಲವು ವಾರ ಮಾತ್ರೆ ತಗೊಂಡ ಮೇಲೆ ಆ ಭಯಾನೂ ಇಲ್ಲ ಅಂತ ನರ್ಸಮ್ಮ ಹೇಳಿದಾರೆ."

"ಆ ನರ್ಸಮ್ಮ ನಿಮ್ಮನೇಲಿ ಕೂತು ರೊಟ್ಟಿ ತಿಂದಿದಾಳಾ?" ಎಂದು ಹಿಂದಿನಿಂದ ಯಾರೋ ಕೇಳಿದರು. ಒಂದಿಬ್ಬರು ನಕ್ಕರು.

"ತಡಿ ಮಗಳೇ, ಎಲ್ಲರದೂ ಮುಗೀಲಿ," ಎಂದುಬಿಟ್ಟಳು ಹಸಿಂತಾ. ರೂಢಿಯಂತೆ ಬಾಯಿಗೆ ಬಂದ ಮಾತು.

ಬಾಲ್ಬಿನಾ ಬೋಗುಣಿಗೆ ಶಾಲು ಮುಚ್ಚಿ ಗೋಡೆಯ ಬದಿಗೆ ಸರಿದು ನಿಂತಳು.

ಪುಸ್ತಕ ಮುಚ್ಚಲು ಬಗ್ಗಿದ ಹಸಿಂತಾ ನೋಡಿದರೆ, ಬೆರಳು ಇನ್ನೂ 'ಮುಟ್ಟಿದ' ಎಂಬ ಪದದ ಮೇಲೇ ಇತ್ತು. ಎರಡು ತಿಂಗಳ ಹಿಂದೆ ಬಾಲ್ಬಿನಾಳಿಗೆ ಆ ಗೋಡೆಯ ಬದಿ ತೋರಿಸಿದ್ದೂ ಅದೇ ಬೆರಳು. ಅಂದಿನಿಂದ ಅರವತ್ತು ಭಾಗ ಓದಿಯಾಗಿತ್ತು.

ಅವಳು ಎಂಜಿನ್ ಚಾಲೂ ಮಾಡಿದಳು. "ಬಾಲ್ಬಿನಾ, ತಾ ಇಲ್ಲಿ."

ಅವಳದು ಕಪ್ಪು ಮೆಕ್ಕೆಜೋಳ, ಬೀಸಿದರೆ ನೀಲಿ. ನೀಲಿ ಹಿಟ್ಟು ಮೆತ್ತಗೆ ಇಳಿಯಿತು. ಬಾಲ್ಬಿನಾ ಅದನ್ನು ಎದೆಗವಚಿಕೊಂಡು ಮನೆಯತ್ತ ಓಡಿದಳು.

"ಇವಳ ಹಿಂದೆ ಯಾರು?" ಯಾರೂ ಕದಲಲಿಲ್ಲ. ಹಸಿಂತಾ ಒಳಗೆ ಹೋಗಿ ತನ್ನದೇ ಬೋಗುಣಿ ತಂದಳು. "ಹಂಗಾದ್ರೆ ನಾನು."

ಕಲ್ಲು ತೊಳೆಯಲಿಲ್ಲ. ಬಿಳಿ ಜೋಳ ಸುರಿದಳು. ಮೊದಲು ಬಿದ್ದದ್ದು ನೀಲಿ, ಆಮೇಲೆ ಬಿಳಿ. ಆ ಮೊದಲ ಹಿಡಿಯನ್ನೇ ತೆಗೆದು ತಟ್ಟಿ, ಒಲೆಯ ಹೆಂಚಿನ ಮೇಲೆ ಹಾಕಿದಳು. ಬೆಂದ ರೊಟ್ಟಿಯ ನಡುವೆ ನೀಲಿ ಗೆರೆಯೊಂದು ಹರಿದಿತ್ತು. ಉಪ್ಪು ಸವರಿ, ಎಲ್ಲರೆದುರು ನಿಂತು ತಿನ್ನತೊಡಗಿದಳು.

ಇಬ್ಬರು ಹೆಂಗಸರು ಬೋಗುಣಿ ಎತ್ತಿಕೊಂಡು ಕಣಿವೆಯಾಚೆಯ ಗಿರಣಿಗೆ ಹೊರಟರು. ಹಸಿಂತಾ ತಡೆಯಲಿಲ್ಲ.

ಕ್ಲೆಮೆನ್ಸಿಯಾ ಮುಂದೆ ಬಂದು ತನ್ನ ಬೋಗುಣಿಯನ್ನು ಕಲ್ಲಿನ ಪಕ್ಕಕ್ಕೆ ಇಟ್ಟಳು.

"ಅಂಚೆಲ್ಲಾ ಸೀದುಹೋಗಿದೆ. ಬೈಬಲ್ ಓದೋಕ್ ಬರುತ್ತೆ, ರೊಟ್ಟಿ ಬೇಯಿಸೋಕ್ ಬರಲ್ಲ ನಿನಗೆ," ಎಂದು ಗೊಣಗಿ, ಕೈ ಚಾಚಿ, ನೀಲಿ ಗೆರೆ ಇದ್ದ ಕಡೆಯಿಂದಲೇ ಒಂದು ತುಂಡು ಮುರಿದುಕೊಂಡಳು.