ಗ್ಯಾರೇಜಿಗೆ ಹೊಸ್ತಿಲಿಲ್ಲ

ಜೀಪು ಇನ್ನೂ ತಿರುವಿನಲ್ಲಿದ್ದಾಗಲೇ ಮೇಸ್ತ್ರಿಗೆ ಗೊತ್ತಾಯಿತು, ಹಿಂದಿನ ಎಡಗಡೆಯ ಶಾಕ್ ಹೋಗಿದೆ. ರಸ್ತೆಯ ಉಬ್ಬು ದಾಟಿದ ಮೇಲೂ ಗಾಡಿಯ ಹಿಂಭಾಗ ಕುಣಿಯುತ್ತಲೇ ಇತ್ತು. ಶಾಕ್ ಅಬ್ಸಾರ್ಬರ್ ಗಟ್ಟಿಯಾಗಿರುವ ಗಾಡಿ ಒಂದು ಸಲ ಎದ್ದು ಸುಮ್ಮನಾಗಿಬಿಡಬೇಕು. ಬೇರೆ ಯಾರ ಗಾಡಿ ಹೀಗೆ ಕುಣಿದುಕೊಂಡು ಬಂದರೂ ಮೇಸ್ತ್ರಿ ಮುಖ ಗಂಟಿಕ್ಕುತ್ತಾರೆ, ಓಡಿಸುವವನ ವಂಶವನ್ನೆಲ್ಲ ವಿಚಾರಿಸಿಕೊಳ್ಳುತ್ತಾರೆ. ಈ ಒಂದು ಜೀಪು ಬಂದರೆ ಮಾತ್ರ ಎದ್ದು ನಿಂತು ಕೈ ಒರೆಸಿಕೊಳ್ಳುತ್ತಾರೆ. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಳ್ಳುತ್ತಾರೆ.

ಓಡಿಸಿಕೊಂಡು ಬಂದವಳು ಅವರ ಸೊಸೆ. ಸೊಸೆಯಾಗಿದ್ದವಳು ಎನ್ನಬೇಕು. ಮಗ ಇವಳನ್ನು ಬಿಟ್ಟು, ಕೋರ್ಟಿನಲ್ಲಿ ಎಲ್ಲ ಮುಗಿಸಿಕೊಂಡು, ಇನ್ನೊಬ್ಬಳನ್ನು ಮದುವೆಯಾಗಿ ಪೇಟೆಯ ಆಚೆ ತುದಿಯಲ್ಲಿ ಸಂಸಾರ ಹೂಡಿದ್ದಾನೆ. ಆ ಲೆಕ್ಕದಲ್ಲಿ ಇವಳು ಮಾಜಿ ಸೊಸೆ. ಆದರೆ ಮಾಜಿ ಎಂಬ ಮಾತು ಮಂತ್ರಿಗಳಿಗೆ ಒಪ್ಪುತ್ತದೆಯೇ ಹೊರತು ಮನೆಯವರಿಗೆ ಒಪ್ಪುವುದಿಲ್ಲ. ಮೇಸ್ತ್ರಿಯ ಮನಸ್ಸಿನಲ್ಲಿ ಅವಳು ಇವತ್ತಿಗೂ ಸೊಸೆಯೇ. ನಾವೂ ಹಾಗೇ ಕರೆಯೋಣ, ಯಾರು ಬಂದು ಕೇಳುತ್ತಾರೆ.

ಕೇಳುವವನು ಒಬ್ಬನಿದ್ದಾನೆ, ಮಗ. "ಅವಳು ಆ ಮನೆಗೆ ಬರೋದಾದ್ರೆ ನಾನು ಬರಲ್ಲ" ಎಂದು ಅವನು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದ. ಇರುವವನು ಒಬ್ಬನೇ ಮಗ. ಎರಡು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಮೇಸ್ತ್ರಿಯ ಹೆಂಡತಿ, ಯಾರ ಮುಖವನ್ನೂ ನೋಡದೆ, "ಅವಳು ಇನ್ನು ಈ ಮನೆ ಹೊಸ್ತಿಲು ದಾಟೋ ಹಾಗಿಲ್ಲ ಅಂತ ಹೇಳಿಬಿಡಿ" ಎಂದು ಪಾತ್ರೆ ತೊಳೆಯಲು ಕೂತಳು. ಆವತ್ತು ತೊಳೆದ ಪಾತ್ರೆಗಳನ್ನೇ ಎಷ್ಟು ಸಲ ತೊಳೆದಳೋ.

ಮೇಸ್ತ್ರಿ ವಾದ ಮಾಡಲಿಲ್ಲ. ವಾದ ಮಾಡುವ ಜಾಯಮಾನ ಅವರದಲ್ಲ. ಆದರೆ ಮನೆ ಇರುವುದು ಹಿಂದೆ, ಗ್ಯಾರೇಜು ಇರುವುದು ಮುಂದೆ. ಮನೆಗೆ ಹೊಸ್ತಿಲಿದೆ. ಗ್ಯಾರೇಜಿಗೆ ಹೊಸ್ತಿಲೆಲ್ಲಿದೆ? ಗಾಡಿ ಹತ್ತಿ ಬರಲು ಸಿಮೆಂಟಿನ ಇಳಿಜಾರಿದೆ ಅಷ್ಟೆ. ಅಲ್ಲಿಗೆ ಗಿರಾಕಿ ಯಾರು ಬೇಕಾದರೂ ಬರಬಹುದು, ಗಾಡಿ ಕೆಟ್ಟಿದ್ದರೆ. ಇದನ್ನು ಅವರು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಸೊಸೆಗೆ ತಾನಾಗಿಯೇ ಹೊಳೆದಿತ್ತು.

ಅವಳ ಜೀಪು ಬೆಟ್ಟದ ನೆತ್ತಿಯ ಫೋನ್ ಟವರುಗಳಿಗೆ ಡೀಸೆಲ್ ಡ್ರಮ್ಮುಗಳನ್ನೂ ರಿಪೇರಿಯವರನ್ನೂ ಹೊತ್ತುಕೊಂಡು ಹೋಗುವ ಜೀಪು. ಅಲ್ಲಿ ರಸ್ತೆ ಎನ್ನುವುದೇ ಇಲ್ಲ, ಕಲ್ಲುಗಳ ನಡುವೆ ದಾರಿ ಮಾಡಿಕೊಂಡು ಹತ್ತಬೇಕು. ಅಂಥ ಗಾಡಿಯ ಶಾಕ್ ಹೋಗುವುದರಲ್ಲಿ ಆಶ್ಚರ್ಯವೇನೂ ಇಲ್ಲ.

"ಮತ್ತೆ ಹೋಯ್ತು," ಎಂದಳು ಸೊಸೆ ಇಳಿಯುತ್ತಾ.

ಯಾರಿಗೆ ಹೇಳಿದಳು? ಎದುರಿಗಿದ್ದವರು ಮೇಸ್ತ್ರಿ ಒಬ್ಬರೇ, ಆದ್ದರಿಂದ ಅವರಿಗೇ ಇರಬೇಕು. ಮೊದಲಾದರೆ ಮಾತಿಗೊಂದು ಮಾವ ಇರುತ್ತಿತ್ತು. ಮಾವ, ಆ ಹದಿನೇಳರ ಸ್ಪ್ಯಾನರು ಕೊಡಿ. ಮಾವ, ಊಟಕ್ಕೆ ಏಳಿ. ಮಾವ, ನಿಮ್ಮ ಕನ್ನಡಕ ನಿಮ್ಮ ತಲೆ ಮೇಲೇ ಇದೆ. ಈಗ ಮಾವ ಎನ್ನುವ ಹಕ್ಕಿಲ್ಲ, ಎಲ್ಲರ ಹಾಗೆ ಮೇಸ್ತ್ರಿ ಎನ್ನಲು ಬಾಯಿ ಬರುವುದಿಲ್ಲ. ಹಾಗಾಗಿ ಅವಳು ಏನೂ ಕರೆಯದೆಯೇ ಮಾತಾಡುವುದನ್ನು ಕಲಿತಿದ್ದಳು. ಆ ಖಾಲಿ ಜಾಗ ಮೇಸ್ತ್ರಿಗೆ ಪ್ರತಿ ಸಲವೂ ಚುಚ್ಚುತ್ತಿತ್ತು.

"ಆಯ್ತು, ಒಳಗೆ ತಗೋ. ನೋಡೋಣ."

ಮದುವೆಯಾಗಿ ಬಂದ ಹೊಸದರಲ್ಲಿ ಈ ಹುಡುಗಿ ಅಡುಗೆಮನೆಯಲ್ಲಿ ನಿಂತದ್ದಕ್ಕಿಂತ ಗಾಡಿಯ ಕೆಳಗೆ ಮಲಗಿದ್ದೇ ಹೆಚ್ಚು. ಮಗನಿಗೆ ಗ್ರೀಸಿನ ವಾಸನೆ ಕಂಡರೆ ಆಗುತ್ತಿರಲಿಲ್ಲ, ಸೊಸೆಗೆ ಅದಿಲ್ಲದೆ ಆಗುತ್ತಿರಲಿಲ್ಲ. ಮಾವ ಸೊಸೆ ಇಬ್ಬರೂ ಸೇರಿ ದುಡಿದ ಆ ವರ್ಷಗಳಲ್ಲಿ ಮೇಸ್ತ್ರಿ ಗಾಡಿಯ ಕೆಳಗಿಂದ ಸುಮ್ಮನೆ ಕೈ ಚಾಚಿದರೆ ಸಾಕು, ಬೇಕಾದ ಸ್ಪ್ಯಾನರು ಅಂಗೈಗೆ ಬಂದು ಕೂರುತ್ತಿತ್ತು. ಅಭ್ಯಾಸಬಲ, ಈಗಲೂ ಒಮ್ಮೊಮ್ಮೆ ಕೈ ಚಾಚುತ್ತಾರೆ. ಕೈಗೆ ಏನೂ ಬರುವುದಿಲ್ಲ. ಆಗ ಅವರು ಗಾಡಿಯ ಕೆಳಗೇ ಒಂದು ಗಳಿಗೆ ಹಾಗೇ ಮಲಗಿರುತ್ತಾರೆ.

ಜೀಪಿನ ಹಿಂಭಾಗವನ್ನು ಜಾಕಿ ಹಾಕಿ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿದರು. ಮಾಡಬೇಕಾದ ಕೆಲಸ ದೊಡ್ಡದಲ್ಲ. ಮೇಲೊಂದು ನಟ್ಟು, ಕೆಳಗೊಂದು ನಟ್ಟು, ಹಳೆಯದನ್ನು ಕಳಚಿ ಹೊಸದನ್ನು ಕೂರಿಸುವುದು. ಒಂದು ಕಡೆಯದು ಹೋದರೆ ಎರಡನ್ನೂ ಬದಲಿಸಬೇಕು, ಇಲ್ಲದಿದ್ದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಆದರೂ ಕೆಲಸ ಬೇಗ ಮುಗಿಯಬಾರದಲ್ಲ.

"ಆ ಹತ್ತೊಂಬತ್ತರ ಸ್ಪ್ಯಾನರು ಎಲ್ಲಿ ಹಾಳಾಗಿ ಹೋಯ್ತೋ," ಎಂದು ಮೇಸ್ತ್ರಿ ಕಪಾಟಿನ ಡಬ್ಬಗಳನ್ನೆಲ್ಲ ತಡಕಾಡತೊಡಗಿದರು.

ಹತ್ತೊಂಬತ್ತು ಅವರ ಹಿಂದಿನ ಜೇಬಿನಲ್ಲಿತ್ತು. ಅರ್ಧ ಹೊರಗೇ ಚಾಚಿಕೊಂಡಿತ್ತು. ಸೊಸೆ ಅದನ್ನು ನೋಡಿದಳು. ನೋಡಿ, ಕಂಡೂ ಕಾಣದವಳ ಹಾಗೆ, ತಾನೂ ಒಂದು ಡಬ್ಬ ಎಳೆದುಕೊಂಡು ಹುಡುಕಲು ಕೂತಳು.

"ಮೊನ್ನೆ ಇಲ್ಲೇ ಇತ್ತು," ಎಂದರು ಮೇಸ್ತ್ರಿ.

"ಸಿಗುತ್ತೆ ಬಿಡಿ. ಅವಸರ ಏನಿದೆ?"

ಅಡುಗೆಮನೆಯ ಕಿಟಕಿ ಗ್ಯಾರೇಜಿನೊಳಕ್ಕೇ ತೆರೆಯುತ್ತದೆ. ಅದರ ಒಂದು ರೆಕ್ಕೆ ಸರಿದು, ಒಂದು ಕೈ ಎರಡು ಲೋಟ ಚಹಾ ಇಟ್ಟಿತು. "ಗಿರಾಕಿಗೂ ಒಂದು ಕೊಡಿ," ಎಂದಿತು ಒಳಗಿನ ದನಿ. ಈ ಗ್ಯಾರೇಜು ಶುರುವಾದಾಗಿನಿಂದ ಬೇರೆ ಯಾವ ಗಿರಾಕಿಗೂ ಆ ಕಿಟಕಿಯಿಂದ ನೀರು ಸಹ ಬಂದದ್ದಿಲ್ಲ. ಅದೂ ಒಂದು ಲೋಟಕ್ಕೆ ಸಕ್ಕರೆಯೇ ಹಾಕಿರಲಿಲ್ಲ. ಸೊಸೆ ಸಕ್ಕರೆ ಹಾಕಿಕೊಳ್ಳುವುದಿಲ್ಲ. ಅವಳು ಲೋಟ ಎತ್ತಿಕೊಂಡು ಕಿಟಕಿಯ ಕಡೆ ನೋಡಿದಳು. ರೆಕ್ಕೆ ಆಗಲೇ ಮುಚ್ಚಿತ್ತು, ಪೂರ್ತಿ ಅಲ್ಲ.

ಎಷ್ಟು ಹೊತ್ತು ಅಂತ ಹುಡುಕುವುದು? ಕೊನೆಗೆ ಮೇಸ್ತ್ರಿ ಸೊಂಟ ನೀವಿಕೊಳ್ಳುವ ನೆಪದಲ್ಲಿ ಜೇಬಿಗೆ ಕೈ ಹಾಕಿ, "ಅಯ್ಯೋ, ಇಲ್ಲೇ ಇದೆಯಲ್ಲ!" ಎಂದರು. ಸೊಸೆ ಮುಖ ತಿರುಗಿಸಿ ನಕ್ಕಳು.

ತುಕ್ಕು ಹಿಡಿದ ನಟ್ಟಿಗೆ ಎಣ್ಣೆ ಬಿಟ್ಟು, ನೆನೆಯಲು ಬಿಟ್ಟು, ಎಡಗಡೆಯದನ್ನು ಬಿಚ್ಚಿ ತೆಗೆದರು. ಒಳಗಿನ ಎಣ್ಣೆಯೆಲ್ಲ ಸೋರಿ ಕೊಳವೆ ಜಿಡ್ಡು ಜಿಡ್ಡಾಗಿತ್ತು. ಬಟ್ಟೆಯಿಂದ ಒರೆಸಿದರೆ ಪಕ್ಕದಲ್ಲೊಂದು ತಗ್ಗು ಕಂಡಿತು. ಕೊಳವೆ ಒಳಕ್ಕೆ ನೆಗ್ಗಿ, ಒಳಗಿನ ಸರಳು ಸಿಕ್ಕಿಹಾಕಿಕೊಂಡು, ಸೀಲು ಹರಿದಿತ್ತು. ಕಲ್ಲು ಬಡಿದಿದೆ ಎಂದುಕೊಂಡರು. ಆದರೆ ಕಲ್ಲು ಹಾರುವುದು ಮುಂದಿನ ಚಕ್ರದಿಂದ, ಬಡಿಯುವುದು ಮುಂಬದಿಗೆ. ಈ ತಗ್ಗು ಇದ್ದದ್ದು ಹಿಂಬದಿಗೆ. ಕಲ್ಲು ಗೀರುತ್ತದೆ, ಇದರಲ್ಲಿ ಗೀರಿಲ್ಲ. ಗುಂಡಗಿನ ತಗ್ಗು, ಅದರ ಅಂಚಿನಲ್ಲಿ ಉಗುರು ಊರಿದಷ್ಟು ಸಣ್ಣದೊಂದು ಗುರುತು.

ಆ ಗುರುತು ಮೇಸ್ತ್ರಿಗೆ ಗೊತ್ತು. ತಮ್ಮ ಸುತ್ತಿಗೆಯ ಮುಖದ ಅಂಚು ಎಂದೋ ಚಕ್ಕೆ ಎದ್ದು ಹೋಗಿತ್ತು, ಅದು ಬಡಿದಲ್ಲೆಲ್ಲ ಇಂಥದೇ ಮುದ್ರೆ ಬೀಳುತ್ತಿತ್ತು. ಸೊಸೆ ಮನೆ ಬಿಟ್ಟು ಹೋದ ದಿನ ಒಂದು ಪೆಟ್ಟಿಗೆ ಸಾಮಾನು ಕೊಟ್ಟು, ಅದರ ಮೇಲೆ ಆ ಸುತ್ತಿಗೆಯನ್ನೂ ಇಟ್ಟು ಕಳಿಸಿದವರು ಅವರೇ.

"ರಬ್ಬರ್ ಬುಷ್ ಇದೆಯಾ ನೋಡ್ತೀನಿ," ಎಂದು ಅವರು ಗುಜರಿಯ ಮೂಲೆಗೆ ಹೋದರು. ಅಲ್ಲಿ ಈ ಜೀಪಿನಿಂದ ಹಿಂದೆ ಕಳಚಿದ ಶಾಕುಗಳೆಲ್ಲ ಬಿದ್ದಿದ್ದವು. ಮೊಟ್ಟಮೊದಲ ಸಲದ್ದನ್ನು ಎತ್ತಿ ನೋಡಿದರು. ಮುಂಬದಿಗೆ ಗೀರುಗಳು, ನಿಜವಾದ ಕಲ್ಲು, ಅನುಮಾನವಿಲ್ಲ. ಆಮೇಲಿನದರಲ್ಲಿ ಹಿಂಬದಿಗೆ ಗುಂಡಗಿನ ತಗ್ಗು, ಉಗುರಿನ ಗುರುತು. ಅದರ ನಂತರದ್ದರಲ್ಲೂ ಹಾಗೇ.

ಅವರು ಅಲ್ಲೇ ಹಳೆಯ ಟೈರಿನ ಮೇಲೆ ಕೂತುಬಿಟ್ಟರು. ಸಂತೋಷವಾಯಿತು, ಸುಳ್ಳು ಹೇಳಬಾರದು. ಈ ಹರಕು ಗ್ಯಾರೇಜಿಗೆ ಬರಲು ಒಬ್ಬಳು ತನ್ನ ಗಾಡಿಯನ್ನೇ ಒಡೆದುಕೊಳ್ಳುತ್ತಾಳಲ್ಲ! ಅದರ ಹಿಂದೆಯೇ ಹೆದರಿಕೆ ಬಂತು. ಶಾಕ್ ಹೋದ ಗಾಡಿ ಬ್ರೇಕಿಗೆ ಸರಿಯಾಗಿ ಬಗ್ಗುವುದಿಲ್ಲ. ಚಕ್ರ ನೆಲ ಬಿಟ್ಟು ಪುಟಿಯುತ್ತದೆ. ಒಂದು ದಿನ ಪುಟಿಯಬಾರದ ಕಡೆ ಪುಟಿದರೆ? ಹೇಳಬೇಕು. ಹೇಳಿದರೆ ಇವಳಿಗೆ ಇಲ್ಲಿಗೆ ಬರಲು ಇದ್ದ ಒಂದೇ ನೆವವೂ ಹೋಗುತ್ತದೆ. ಹೇಳದಿದ್ದರೆ ಇವಳೇ ಹೋಗಿಬಿಡಬಹುದು. ಮೇಸ್ತ್ರಿಗೆ ಎರಡೂ ಬೇಡವಾಗಿತ್ತು. ಆದರೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕಿತ್ತು.

ಎದ್ದು ಬಂದು ಗ್ಯಾರೇಜಿನಲ್ಲಿದ್ದ ಅತ್ಯಂತ ಗಟ್ಟಿ ಜೋಡಿಯನ್ನೇ ತೆಗೆದರು. ಹೊಸದನ್ನು ನೆಟ್ಟಗೆ ಹಿಡಿದು, ಒಳಗಿನ ಗಾಳಿ ಹೋಗುವವರೆಗೆ ಒತ್ತಿ ಎಳೆದು, ಒತ್ತಿ ಎಳೆದು ಹದ ಮಾಡಿದರು. ಗಾಡಿಯ ಕೆಳಗೆ ಮಲಗಿ ಕೈ ಚಾಚಿದರು. ವಾಷರು ಅಂಗೈಗೆ ಬಂತು. ಮತ್ತೆ ಚಾಚಿದರು. ಸ್ಪ್ಯಾನರು ಬಂತು. ಬಲಗಡೆಯದನ್ನು ಕೂರಿಸುವಾಗ ಮೇಸ್ತ್ರಿ ಏನೂ ಬೇಕಿಲ್ಲದಿದ್ದರೂ ಒಂದು ಸಲ ಕೈ ಚಾಚಿದರು. ಅವಳು ಗಳಿಗೆ ತಡೆದು, ಒರೆಸುವ ಬಟ್ಟೆ ಕೊಟ್ಟಳು.

ಗಾಡಿಯನ್ನು ನೆಲಕ್ಕಿಳಿಸಿ, ಅದು ತನ್ನ ಭಾರವನ್ನು ತಾನು ಹೊತ್ತ ಮೇಲೆ ನಟ್ಟುಗಳಿಗೆ ಕೊನೆಯ ಬಿಗಿ ಕೊಟ್ಟದ್ದಾಯಿತು.

"ಆ ಸುತ್ತಿಗೆ ಕೊಡು," ಎಂದರು ಮೇಸ್ತ್ರಿ.

"ಯಾವ ಸುತ್ತಿಗೆ?"

"ನಾನು ಕೊಟ್ಟಿದ್ದು."

ಸೊಸೆಯ ಮುಖ ಕೆಂಪಗಾಯಿತು. ಸೀಟಿನ ಕೆಳಗಿಂದ ಸುತ್ತಿಗೆ ತೆಗೆದುಕೊಟ್ಟಳು. ಮೇಸ್ತ್ರಿ ಹಳೆಯ ಶಾಕನ್ನು ಮೇಜಿನ ಮೇಲಿಟ್ಟು, ಸುತ್ತಿಗೆಯ ಮುಖವನ್ನು ಆ ತಗ್ಗಿಗೆ ಹಿಡಿದರು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

"ಬೆಟ್ಟ ಇಳಿಯೋವಾಗ ಚಕ್ರ ನೆಲ ಬಿಟ್ಟಿದ್ರೆ ಏನಮ್ಮಾ ಗತಿ?"

"ಬೆಟ್ಟದಲ್ಲಿ ಹೊಡೀತಿರ್ಲಿಲ್ಲ," ಎಂದಳು ಅವಳು ತಲೆ ತಗ್ಗಿಸಿಕೊಂಡೇ. "ಡ್ರಮ್ಮೆಲ್ಲ ಇಳಿಸಿ, ಕೆಳಗೆ ಬಂದು, ಟಾರ್ ರಸ್ತೆ ಸಿಕ್ಕಿದ ಮೇಲೇ ಹೊಡೀತಿದ್ದೆ. ಒಂದೇ ಕಡೆ."

ಮೇಸ್ತ್ರಿಗೆ ನಗು ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಗದರಿದರು. "ದೊಡ್ಡ ಬುದ್ಧಿವಂತೆ! ಟಾರ್ ರಸ್ತೇಲಿ ಲಾರಿ ಓಡಾಡಲ್ವಾ? ನಾನು ಕೆಲಸ ಕಲಿಸಿದ್ದು ಒಡೆಯೋಕಾ? ಇನ್ಮೇಲೆ ಮುಟ್ಟಬೇಡ ಅದನ್ನ. ಗಾಡಿ ಕೆಡಿಸ್ಕೊಂಡು ಬರಬೇಡ. ಗಾಡಿ ಚೆನ್ನಾಗಿರೋವಾಗಲೇ ಬಾ."

"ಚೆನ್ನಾಗಿರೋ ಗಾಡಿ ತಗೊಂಡು ಏನಂತ ಬರ್ಲಿ?"

"ಸುಮ್ನೆ ಬಾ."

"ಸುಮ್ನೆ ಅಂದ್ರೆ?" ಈಗ ಅವಳು ತಲೆ ಎತ್ತಿದಳು. ಕಣ್ಣು ತುಂಬಿತ್ತು. "ಯಾರು ಅಂತ ಬರ್ಲಿ?"

ಮೇಸ್ತ್ರಿ ಅಡುಗೆಮನೆಯ ಕಿಟಕಿಯ ಕಡೆ ನೋಡಿದರು. ರೆಕ್ಕೆಯ ಸಂದಿಯಲ್ಲಿ ಯಾರೋ ನಿಂತಿರುವುದು ಗೊತ್ತಾಗುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಸೊಸೆ ಇನ್ನೂ ಒಂದು ಗಳಿಗೆ ಕಾದಳು. ಆಮೇಲೆ ಖಾಲಿ ಲೋಟವನ್ನು ತೊಳೆದು ಕಿಟಕಿಯ ಕಟ್ಟೆಯ ಮೇಲೆ ಕವುಚಿಟ್ಟು, ಹೋಗಿ ಜೀಪು ಹತ್ತಿದಳು.

ಎಂಜಿನ್ನು ಶುರುವಾಯಿತು. ಮೇಸ್ತ್ರಿ ಸುತ್ತಿಗೆ ಹಿಡಿದುಕೊಂಡೇ ದಾಪುಗಾಲು ಹಾಕಿ ಬಂದು ಬಾಗಿಲು ಹಿಡಿದುಕೊಂಡರು.

"ನೋಡು, ಮಾವ ಅನ್ನೋಕೆ ಆಗಲ್ವಾ, ಏನೂ ಅನ್ಬೇಡ. ಒಳಗೆ ಬರೋಕೆ ಆಗಲ್ವಾ, ಬರಬೇಡ. ಈ ಇಳಿಜಾರಿನ ಹತ್ರ ನಿಂತ್ಕೊಂಡು ಒಂದು ಹಾರ್ನ್ ಹಾಕು. ಅಷ್ಟು ಸಾಕು. ನಾನೇ ಬರ್ತೀನಿ ಆಚೆ."

ಅವಳು ತಲೆಯಾಡಿಸಿದಳು. ಹೂಂ ಎಂದೋ, ಊಹೂಂ ಎಂದೋ, ಅವರಿಗೆ ತಿಳಿಯಲಿಲ್ಲ. ಜೀಪು ಇಳಿಜಾರು ಇಳಿದು ರಸ್ತೆಗೆ ಸೇರಿತು. ಉಬ್ಬಿನ ಮೇಲೆ ಹಾಯಿತು. ಒಂದು ಸಲ ಎದ್ದು ಸುಮ್ಮನಾಯಿತು. ಬೇಕೆಂದರೂ ಇನ್ನು ಬಹಳ ಕಾಲ ಅದು ಕೆಡುವುದಿಲ್ಲ, ಹಾಗೆ ಕೂರಿಸಿದ್ದರು. ಇಷ್ಟು ಒಳ್ಳೆಯ ಕೆಲಸ ಮಾಡಿ ಇಷ್ಟು ಸಂಕಟಪಟ್ಟದ್ದು ಅವರ ಜೀವಮಾನದಲ್ಲಿ ಇರಲಿಲ್ಲ.

ಜೀಪು ತಿರುವಿನಲ್ಲಿ ಮರೆಯಾಯಿತು. ಮೇಸ್ತ್ರಿ ಸುತ್ತಿಗೆಯನ್ನು ಮೇಜಿನ ಮೇಲಿಡಲು ತಿರುಗಿದರು. ಆಗ ಹಾರ್ನು ಕೇಳಿಸಿತು. ಅವರು ಅಲ್ಲೇ ನಿಂತರು. ಇನ್ನೊಂದು ಸಲ ಕೇಳಿಸಿತು. ಆಮೇಲೆ ಎಂಜಿನ್ನಿನ ಸದ್ದು ದೂರವಾಗಿ ಹೋಯಿತು. ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ.

ಹಿಂದೆ ಹೆಜ್ಜೆ ಸಪ್ಪಳವಾಯಿತು. ಗ್ಯಾರೇಜಿಗೆ ಯಾವತ್ತೂ ಕಾಲಿಡದ ಹೆಂಡತಿ ಮನೆಯ ಹೊಸ್ತಿಲು ದಾಟಿ, ಗ್ರೀಸು ಎಣ್ಣೆ ಯಾವುದನ್ನೂ ನೋಡದೆ ನಡೆದು ಬಂದು ಅವರ ಪಕ್ಕ ನಿಂತಿದ್ದಳು. ಸೊಸೆ ತೊಳೆದಿಟ್ಟ ಲೋಟ ಆಕೆಯ ಕೈಯಲ್ಲಿತ್ತು. ತಿರುವಿನ ಕಡೆಯೇ ನೋಡುತ್ತಿದ್ದಳು.

"ರೀ," ಎಂದಳು, "ಅವಳು ಕರೆದಿದ್ದು ನಿಮ್ಮನ್ನಾ, ನನ್ನನ್ನಾ?"

"ಎರಡು ಸಲ ಹಾಕಿದಳಲ್ಲೇ," ಎಂದರು ಮೇಸ್ತ್ರಿ.